ಹನ್ನೊಂದು ಸಸಿ, ಒಂದು ಚಿಟಿಕೆ ಗಸಗಸೆ

ಕಳೆದ ವರ್ಷ ನವೆಂಬರಿನಲ್ಲಿ ನಾನು ಮೈಸೂರಿಗೆ ಹೊರಟಾಗ ನಮ್ಮ ತಾರಸಿಯ ಅಗಲ ಕುಂಡದಲ್ಲಿ ಹನ್ನೊಂದು ಸಸಿಗಳಿದ್ದವು. ಹನ್ನೆರಡು ದಿನ ಕಳೆದು ಬಂದು ನೋಡಿದರೆ ಮೂವತ್ತೆರಡು. ಬೇರೆ ಯಾರಾದರೂ ಆಗಿದ್ದರೆ ಖುಷಿಪಟ್ಟು ಕೆಳಗಿಳಿದು ಕಾಫಿಗೆ ಇಡುತ್ತಿದ್ದರು. ನಾನು ಹೆಗಲ ಮೇಲಿನ ಚೀಲವನ್ನೂ ಇಳಿಸದೆ ಇನ್ನೊಮ್ಮೆ ಎಣಿಸಿದೆ.

ಇದನ್ನು ರೋಗ ಅನ್ನಿ, ಅಭ್ಯಾಸ ಅನ್ನಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಪ್ರತಿ ವರ್ಷ ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆ. ಕೊನೆಕೊನೆಗೆ ಬೇರೆ ಶಾಲೆಗಳಿಗೂ ಹೋಗಿ ನಕಲು ಹಿಡಿಯುವ ಸ್ಕ್ವಾಡ್ ಕೆಲಸ. ಯಾರ ಕೈ ಬೆಂಚಿನ ಕೆಳಗೆ ಹೋಯಿತು, ಯಾರು ಮೂರನೇ ಸಲ ನೀರು ಕೇಳಿದರು, ಯಾರು ನನ್ನನ್ನು ನೋಡಿ ಸುಮ್ಮಸುಮ್ಮನೆ ನಕ್ಕರು, ಎಲ್ಲವೂ ನನಗೆ ಬೇಕಿತ್ತು. ಕಾರಣವಿಲ್ಲದೆ ನಗುವ ಮಕ್ಕಳನ್ನು ಮೊದಲು ಎಬ್ಬಿಸಿ ನಿಲ್ಲಿಸುತ್ತಿದ್ದೆ. ನಿವೃತ್ತಿಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಆ ಕಣ್ಣನ್ನು ಮಾತ್ರ ಯಾರೂ ವಾಪಸ್ ತೆಗೆದುಕೊಳ್ಳಲಿಲ್ಲ. ಈಗ ಅದು ಹಾಲಿನ ಪ್ಯಾಕೆಟ್ಟಿನ ತಾರೀಕು, ಸೊಪ್ಪಿನವಳ ಕಟ್ಟಿನ ಗಾತ್ರ, ಗಂಡನ ಮೊಬೈಲು, ಎಲ್ಲದರ ಮೇಲೂ ಓಡಾಡುತ್ತಿರುತ್ತದೆ.

ಆ ಸಸಿಗಳು ಓರಿಯೆಂಟಲ್ ಪಾಪಿ ಎಂಬ ಹೂವಿನವು. ಇದರ ಹುಚ್ಚು ಹಿಡಿದದ್ದು ಒಂದು ಕ್ಯಾಲೆಂಡರಿನಿಂದ. ಎಷ್ಟೋ ವರ್ಷದ ಹಿಂದೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾವುದೋ ಅಂಗಡಿಯವರು ಕೊಟ್ಟ ಕ್ಯಾಲೆಂಡರು ತೂಗುಹಾಕಿದ್ದರು. ಅದರಲ್ಲಿ ಅಂಗೈಯಗಲದ ಕೆಂಪು ಹೂವು, ನಡುವೆ ಕಪ್ಪು ಮಚ್ಚೆ, ದಳಗಳು ಇಸ್ತ್ರಿ ಮಾಡದ ರೇಷ್ಮೆಯಂತೆ ಸುಕ್ಕುಸುಕ್ಕು. ಕೆಳಗೆ ಹೆಸರಿಲ್ಲ. ವರ್ಷವಿಡೀ ಅದರ ಎದುರು ಕೂತು ಉತ್ತರಪತ್ರಿಕೆ ತಿದ್ದಿದೆ. ಒಂದು ಲೆಕ್ಕವೂ ಸರಿಯಿಲ್ಲದ ಪತ್ರಿಕೆ ಬಂದಾಗ ತಲೆಯೆತ್ತಿ ಹೂವು ನೋಡುತ್ತಿದ್ದೆ. ನಿವೃತ್ತಿಯಾದ ಮೇಲೆ ಮೊಬೈಲಿನಲ್ಲಿ ಹುಡುಕಿ ಹುಡುಕಿ ಅದರ ಹೆಸರು ಪತ್ತೆ ಮಾಡಿದೆ.

ಇಲ್ಲೇ ಹತ್ತಿರ ಉಲ್ಲಾಳದ ಕಡೆಯ ಒಂದು ನರ್ಸರಿಯಲ್ಲಿ ಕೇಳಿದರೆ ಅಲ್ಲಿದ್ದವನು ಫೋಟೋ ನೋಡಿ ಮೂಗು ಮುರಿದ.

"ಆಂಟಿ, ಇದು ಚಳಿ ಊರಿನ ಹೂವು. ಇಲ್ಲಿ ಬರಲ್ಲ. ಚೆಂಡು ಹೂವು ತಗೊಂಡ್ ಹೋಗಿ, ಚೆನ್ನಾಗಿದೆ."

ಬರುವುದಿಲ್ಲ ಎಂದನೋ, ತನ್ನ ಚೆಂಡು ಹೂವು ಖರ್ಚಾಗಲಿ ಎಂದನೋ ಎಂದು ಅನುಮಾನವಾಯಿತು. ಮನೆಗೆ ಬಂದು ಆನ್‌ಲೈನಿನಲ್ಲಿ ಬೀಜ ತರಿಸಿದೆ. ಪ್ಯಾಕೆಟ್ಟಿನ ಮೇಲೆ ಅದೇ ಕ್ಯಾಲೆಂಡರಿನ ಕೆಂಪು. ಬೀಜಗಳೋ ಗಾಢ ಕಂದು ಬಣ್ಣದ ಧೂಳು. ಉಸಿರು ಬಿಟ್ಟರೆ ಹಾರಿಹೋಗಬೇಕು. ಅವುಗಳಿಗೆ ಚಳಿಗಾಲದ ಭ್ರಮೆ ಹುಟ್ಟಿಸಬೇಕೆಂದು ಓದಿದ್ದೆ. ಒದ್ದೆ ಮರಳಿನೊಂದಿಗೆ ಡಬ್ಬಿಗೆ ಹಾಕಿ ಒಂದು ತಿಂಗಳು ಫ್ರಿಜ್ಜಿನಲ್ಲಿ, ಕೊತ್ತಂಬರಿ ಸೊಪ್ಪಿನ ಪಕ್ಕ ಇಟ್ಟೆ. ನಮ್ಮ ಯಜಮಾನರು ದಿನಾ ಡಬ್ಬಿ ತೆಗೆದು ನೋಡುವರು. "ಪಾಪಿಗೆ ಇಷ್ಟೊಂದು ಉಪಚಾರ. ನಾನೂ ಒಂದಷ್ಟು ಪಾಪ ಮಾಡ್ಬೇಕಿತ್ತು ಕಣೇ," ಎಂದು ರೇಗಿಸುವರು. ಡಬ್ಬಿ ಇಟ್ಟ ದಿಕ್ಕು ಬದಲಾಗಿದೆಯೇ ಎಂದು ನಾನು ಅವರ ಹಿಂದೆಯೇ ಹೋಗಿ ನೋಡುವೆ.

ದಸರಾ ಮುಗಿದ ಮೇಲೆ ಬಿತ್ತಿದೆ. ಈ ಗಿಡಕ್ಕೆ ಬೇರು ಅಲುಗಾಡಿಸಿದರೆ ಆಗುವುದಿಲ್ಲ, ಹಾಗಾಗಿ ಬೆಳೆಯುವ ಕುಂಡದಲ್ಲೇ ಬಿತ್ತಬೇಕು. ಕೆಮ್ಮಣ್ಣು, ಮರಳು, ಹಳೆಯ ಸಗಣಿ ಗೊಬ್ಬರ ಜರಡಿ ಹಿಡಿದು ಅಗಲ ಬಾಯಿಯ ಮಣ್ಣಿನ ಕುಂಡ ತುಂಬಿದೆ. ಬೀಜವನ್ನು ಮೇಲೆ ಉದುರಿಸಿ ಅಂಗೈಯಿಂದ ಮೆಲ್ಲಗೆ ಒತ್ತಿದೆ. ಮೇಲೆ ಮಣ್ಣು ಮುಚ್ಚುವಂತಿಲ್ಲ, ಅದಕ್ಕೆ ಬೆಳಕು ಬೇಕು. ನೀರೂ ಸುರಿಯುವಂತಿಲ್ಲ. ವಿಜಯನಗರದ ಮಾರ್ಕೆಟ್ಟಿನಿಂದ ತಂದ ಸ್ಪ್ರೇ ಬಾಟಲಿಯಲ್ಲಿ ಮಂಜಿನ ಹಾಗೆ ಹೊಡೆಯಬೇಕು. ಎರಡು ವಾರಕ್ಕೆ ಮೊದಲ ಹಸಿರು ಕಂಡಿತು. ಮೂರನೇ ವಾರಕ್ಕೆ ಹನ್ನೊಂದು. ಒಂದೊಂದರ ಜಾಗವನ್ನೂ ನೋಟ್‌ಬುಕ್ಕಿನಲ್ಲಿ ವೃತ್ತ ಎಳೆದು ಗುರುತು ಹಾಕಿಕೊಂಡೆ.

ಆಗಲೇ ಮೈಸೂರಿನಲ್ಲಿ ನನ್ನ ತಂಗಿಗೆ ಮಂಡಿಯ ಆಪರೇಷನ್ ನಿಶ್ಚಯವಾಯಿತು. ನಾವಿಬ್ಬರೂ ಹೋಗಲೇಬೇಕು. ಮನೆಯ ಜವಾಬ್ದಾರಿ ಎಂದಿನಂತೆ ಪಕ್ಕದ ಮನೆಯ ಅಕ್ಕನಿಗೆ ಬಿತ್ತು.

ಈ ಅಕ್ಕನ ಬಗ್ಗೆ ಹೇಳಬೇಕು. ಬಸವೇಶ್ವರನಗರದ ಈ ರಸ್ತೆಗೆ ನಾವು ಬಂದು ಇಪ್ಪತ್ತಾರು ವರ್ಷವಾಯಿತು. ಅವರ ಅತ್ತೆ ಮನೆಯವರು ಇಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದಿಂದ ಇದ್ದವರು. ನನಗಿಂತ ನಾಲ್ಕು ವರ್ಷ ದೊಡ್ಡವರು. ಎರಡು ಮನೆಯ ತಾರಸಿಗಳ ನಡುವೆ ಸೊಂಟದೆತ್ತರದ ಗೋಡೆ. ಆ ಗೋಡೆಯ ಮೇಲಿಂದ ಕರಿಬೇವು ಈಚೆ ಬಂದಿದೆ, ಹುಳಿ ಆಚೆ ಹೋಗಿದೆ, ಅವರ ಯಜಮಾನರು ತೀರಿಕೊಂಡ ವರ್ಷ ನನ್ನ ಕೈಯೂ ಆಚೆ ಹೋಗಿ ಅವರ ಭುಜ ಹಿಡಿದುಕೊಂಡಿದೆ. ನಮ್ಮ ಮನೆಯ ಇನ್ನೊಂದು ಕೀ ಅವರ ಅಡುಗೆಮನೆಯ ಕ್ಯಾಲೆಂಡರಿನ ಪಕ್ಕದ ಮೊಳೆಗೆ ತೂಗುತ್ತಿತ್ತು. ನಾನು ಈ ಪ್ರಪಂಚದಲ್ಲಿ ಅನುಮಾನಪಡದೆ ಕೀ ಕೊಟ್ಟದ್ದು ಅವರೊಬ್ಬರಿಗೇ. ಅವರಿಗೂ ಇದು ಗೊತ್ತಿತ್ತು, ಅದರ ಬಗ್ಗೆ ಅವರಿಗೊಂದು ಹೆಮ್ಮೆಯೂ ಇತ್ತು.

ಹೊರಡುವ ಹಿಂದಿನ ದಿನ ಅವರನ್ನು ತಾರಸಿಗೆ ಕರೆದು ಕುಂಡ ತೋರಿಸಿದೆ.

"ಇದ್ಯಾವ ಸಸಿ ಟೀಚರ್?" ಎಂದರು. ಇಷ್ಟು ವರ್ಷವಾದರೂ ನಾನು ಅವರಿಗೆ ಟೀಚರೇ.

"ಗಸಗಸೆ ಜಾತೀದೇ ಅಕ್ಕ. ಹೂವಿಗೆ ಬೆಳೆಸೋದು. ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ, ಈ ಬಾಟ್ಲಲ್ಲಿ ಹತ್ತು ಹತ್ತು ಸಲ ಒತ್ತಿ. ಪೈಪು ಹಿಡೀಬೇಡಿ, ಚೊಂಬಲ್ಲಿ ಹುಯ್ಯಬೇಡಿ. ಗೊತ್ತಾಯ್ತಾ?"

"ಗೊತ್ತಾಯ್ತು."

"ಏನ್ ಹೇಳ್ದೆ, ಒಂದ್ಸಲ ಹೇಳಿ ನೋಡೋಣ?"

ರಾಗಿ ಹೊಲದಲ್ಲಿ ಕಳೆ ಕಿತ್ತು ಬಂದ ಹೆಂಗಸು ಅವರು. ನಗುತ್ತಲೇ ನನ್ನ ಪಾಠ ಒಪ್ಪಿಸಿದರು. ನಾನು ನೋಟ್‌ಬುಕ್ಕಿನ ವೃತ್ತವನ್ನೂ ತೋರಿಸಿ, "ಹನ್ನೊಂದಿದೆ, ನೋಡ್ಕೊಳ್ಳಿ," ಎಂದೆ. ಆಗ ಅವರ ನಗು ಸ್ವಲ್ಪ ಕಡಿಮೆಯಾಯಿತೇನೋ. ನನ್ನ ಕಣ್ಣು ಆವತ್ತು ಬರೀ ಸಸಿಗಳ ಮೇಲಿತ್ತು.

ಮರುದಿನ ಕೆಂಗೇರಿಯಲ್ಲಿ ರೈಲು ಹತ್ತಿದೆವು. ಹನ್ನೆರಡು ದಿನದ ನಂತರ ಬಂದಾಗ ಕಂಡದ್ದು ಆ ಮೂವತ್ತೆರಡು.

ಸಂಖ್ಯೆಯೊಂದೇ ಆಗಿದ್ದರೆ ನಾನೂ ಸಮಾಧಾನ ಮಾಡಿಕೊಳ್ಳುತ್ತಿದ್ದೆನೋ ಏನೋ. ತಡವಾಗಿ ಮೊಳೆತವು ಅನ್ನಬಹುದು. ಆದರೆ ನಾನು ಬಿಟ್ಟುಹೋದ ಹನ್ನೊಂದಕ್ಕೆ ಆಗಲೇ ಎರಡು ಜೊತೆ ಎಲೆ ಬಂದಿದ್ದವು. ಈಗ ಇದ್ದವೆಲ್ಲ ಒಂದೇ ಎತ್ತರದ ಹಸುಗೂಸುಗಳು. ಹನ್ನೆರಡು ದಿನದಲ್ಲಿ ಗಿಡ ಬೆಳೆಯಬೇಕು ತಾನೆ? ಇವು ಚಿಕ್ಕದಾಗಿದ್ದವು. ನೋಟ್‌ಬುಕ್ಕು ತೆಗೆದು ವೃತ್ತ ಹೋಲಿಸಿದೆ. ಒಂದು ಸಸಿಯೂ ತನ್ನ ಜಾಗದಲ್ಲಿ ಇರಲಿಲ್ಲ.

"ಬಂದಿದ್ಯಲ್ಲ, ಜಾಸ್ತಿನೇ ಬಂದಿದೆ. ಇನ್ನೇನ್ ಬೇಕು ನಿಂಗೆ?" ಎಂದರು ಯಜಮಾನರು.

"ಐವತ್ತು ಮಾರ್ಕಿಗೆ ಬರೆದೋರಿಗೆ ಅರವತ್ತು ಬಂದ್ರೆ ಸುಮ್ನೆ ಇರಕ್ಕಾಗುತ್ತಾ?" ಎಂದೆ ನಾನು.

ಮೊದಲ ಅನುಮಾನ ಬಾಡಿಗೆದಾರನ ಮೇಲೆ. ನಮ್ಮ ಮೊದಲ ಮಹಡಿಯ ಒಂಟಿ ರೂಮಿನಲ್ಲಿ ಬಾಗಲಕೋಟೆ ಕಡೆಯ ಒಬ್ಬಾತ ಇದ್ದಾನೆ. ಮೂವತ್ತೈದರ ಆಸುಪಾಸು, ಮೆಡಿಕಲ್ ಶಾಪಿನಲ್ಲಿ ಕೆಲಸ. ಕುಂಡದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಸಿಗರೇಟಿನ ತುಂಡು ಬಿದ್ದಿತ್ತು. ಅದನ್ನು ಕಾಗದದಲ್ಲಿ ಎತ್ತಿಕೊಂಡು ಹೋಗಿ ಅವನ ಮುಂದೆ ಹಿಡಿದೆ.

"ಗಿಡ ಮುಟ್ಟಿದ್ಯಾ?"

"ಇಲ್ರೀ ಮೇಡಂ. ನಾ ಯಾಕ ಮುಟ್ಟಲ್ರೀ? ಸಿಗರೇಟ್ ನಂದಽ ಅದ, ಅದಕ್ಕ ಬೇಕಾದ್ರ ಬೈರಿ."

ಸಿಗರೇಟು ಒಪ್ಪಿಕೊಂಡು ಗಿಡ ಒಪ್ಪಿಕೊಳ್ಳದವನು ನಿಜ ಹೇಳುತ್ತಿರಬಹುದು, ಇಲ್ಲವೇ ಚಿಕ್ಕದನ್ನು ಒಪ್ಪಿಕೊಂಡು ದೊಡ್ಡದನ್ನು ಮುಚ್ಚುತ್ತಿರಬಹುದು. ಎರಡನ್ನೂ ಪರೀಕ್ಷಾ ಕೊಠಡಿಗಳಲ್ಲಿ ಕಂಡಿದ್ದೆ. ತೀರ್ಪು ಕಾಯ್ದಿರಿಸಿಕೊಂಡು ಕೆಳಗಿಳಿದೆ.

ಎರಡನೆಯ ಅನುಮಾನ ಬೀಜ ಮಾರಿದವರ ಮೇಲೆ. ಡಿಸೆಂಬರಿನಲ್ಲಿ ಎಲೆ ದೊಡ್ಡದಾದಾಗ ಅದು ಬಲವಾಯಿತು. ಪಾಪಿಯ ಎಲೆಯ ಮೇಲೆ ಒರಟು ರೋಮ ಇರಬೇಕು, ಅಂಚು ಆಳವಾಗಿ ಸೀಳಿರಬೇಕು ಎಂದು ಓದಿದ್ದೆ. ಇವುಗಳ ಎಲೆಯಲ್ಲಿ ಒಂದು ರೋಮವಿಲ್ಲ. ಎಲೆಕೋಸಿನ ಹಾಗೆ ನುಣುಪು, ಬೂದಿ ಬಳಿದಂಥ ತಿಳಿನೀಲಿ. ಬೀಜದವರಿಗೆ ಖಾರವಾಗಿಯೇ ಬರೆದೆ. "ನಿಮ್ಮ ತಾಳ್ಮೆಗೆ ಧನ್ಯವಾದಗಳು" ಎಂದು ಉತ್ತರ ಬಂತು. ಇಲ್ಲದ ತಾಳ್ಮೆಗೆ ಧನ್ಯವಾದ ಹೇಳುವವರನ್ನು ಹೇಗೆ ನಂಬುವುದು?

ಮೂರನೆಯ ಅನುಮಾನ ಗಿಡಗಳ ಮೇಲೆಯೇ. ಬೀಜದಿಂದ ಬೆಳೆಸಿದರೆ ಎರಡನೇ ವರ್ಷಕ್ಕೆ ಹೂವು ಎಂದು ಪ್ಯಾಕೆಟ್ಟಿನಲ್ಲಿತ್ತು. ಇವು ಸಂಕ್ರಾಂತಿಯ ಹೊತ್ತಿಗೇ ಮೊಗ್ಗು ಬಗ್ಗಿಸಿ ನಿಂತವು. ನನ್ನ ಬದುಕಿನಲ್ಲಿ ಇಂಕ್ರಿಮೆಂಟಿನಿಂದ ಹಿಡಿದು ನಲ್ಲಿ ನೀರಿನವರೆಗೆ ಯಾವುದೂ ಹೇಳಿದ ಸಮಯಕ್ಕಿಂತ ಮೊದಲು ಬಂದದ್ದಿಲ್ಲ. ಒಂದು ಬೆಳಿಗ್ಗೆ ಮೊದಲ ಮೊಗ್ಗು ಬಿರಿಯಿತು. ಕೆಂಪಲ್ಲ, ಬಿಳಿ. ಬುಡದಲ್ಲಿ ನೇರಳೆ ಛಾಯೆ. ಚೆಂದವಿತ್ತು, ಸುಳ್ಳು ಹೇಳಬಾರದು. ಆದರೂ ಕ್ಯಾಲೆಂಡರಿನ ಕೆಂಪಿಗೆ ಕಾದ ನನಗೆ ಯಾರೋ ನನ್ನ ಎದುರೇ ಮೋಸ ಮಾಡಿ ನಗುತ್ತಿದ್ದಾರೆ ಅನ್ನಿಸಿ ಮೈ ಉರಿಯಿತು.

ಆದರೂ ಮೊದಲ ಹೂವು. ಅಕ್ಕನನ್ನು ಕರೆದೆ. ಅವರು ಗೋಡೆಯ ಹತ್ತಿರ ಬಂದು ನಿಂತರು.

"ಚೆನ್ನಾಗೈತೆ ಟೀಚರ್," ಎಂದರು. ಹೂವನ್ನು ಅರೆಕ್ಷಣ ನೋಡಿ, ಆಮೇಲೆ ನನ್ನ ಮುಖವನ್ನೇ ನೋಡುತ್ತಾ ನಿಂತರು. ಒಲೆ ಮೇಲೆ ಏನೋ ಇಟ್ಟಿದ್ದೇನೆ ಎಂದು ಹೊರಟೇಬಿಟ್ಟರು. ಅವರ ಕುಕ್ಕರಿನ ಸದ್ದು ನನಗೆ ಗೊತ್ತು. ಆ ಹೊತ್ತಿನಲ್ಲಿ ಅವರ ಒಲೆ ಹಚ್ಚಿರಲಿಲ್ಲ.

ಕೊನೆಗೂ ಅವರ ಮೇಲೆ ನನ್ನ ಅನುಮಾನ ಹೊರಳಿತು, ಅದೂ ತಪ್ಪು ಜಾಗಕ್ಕೆ. ಹೊಟ್ಟೆಕಿಚ್ಚು ಅಂದುಕೊಂಡೆ. ಮಣ್ಣಿನಲ್ಲೇ ಹುಟ್ಟಿ ಬೆಳೆದವರಿಗೆ, ಸೀಮೆಸುಣ್ಣ ಹಿಡಿದವಳು ಇಂಥ ಹೂವು ಬೆಳೆಸಿದಳಲ್ಲ ಎಂದು ಸಂಕಟ ಅಂದುಕೊಂಡೆ. ಮರುದಿನ ಮೊದಲ ಹೂವಿನ ದಳಗಳೆಲ್ಲ ಉದುರಿದ್ದವು. ಈ ಹೂವು ಇರುವುದೇ ಒಂದೆರಡು ದಿನ, ಅದನ್ನೂ ಓದಿದ್ದೆ. ಓದಿದ್ದು ಆಗ ನೆನಪಾಗಲಿಲ್ಲ. ದೃಷ್ಟಿ ಗಿಷ್ಟಿ ನಂಬುವುದಿಲ್ಲ ಎಂದು ಜೀವಮಾನವಿಡೀ ಮಕ್ಕಳಿಗೆ ಭಾಷಣ ಬಿಗಿದವಳು ಒಂದು ಕಪ್ಪು ದಾರ ತಂದು ಕುಂಡದ ಕುತ್ತಿಗೆಗೆ ಸುತ್ತಿ ಗಂಟು ಹಾಕಿದೆ. ಗಂಟು ಗೋಡೆಯ ಕಡೆಗೇ ಬರುವಂತೆ ಹಾಕಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆ ವಾರದಿಂದ ಅಕ್ಕ ತಾರಸಿಗೆ ಬರುವುದು ಕಡಿಮೆಯಾಯಿತು. ಬಟ್ಟೆ ಒಣಗಿಸಲು ಬಂದರೂ ನನಗೆ ಬೆನ್ನು ಹಾಕಿಯೇ ಒಣಗಿಸುವರು. ನೋಡಿದೆಯಾ, ಕಳ್ಳನ ಮನಸ್ಸು ಹೇಗೆ ಹುಳ್ಳಹುಳ್ಳಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಏಳೆಂಟು ಹೂವು ಅರಳಿದ್ದಾಗ ಬಾಡಿಗೆದಾರ ಬಾಗಿಲು ತಟ್ಟಿದ. ಕೈಯಲ್ಲಿ ಮೊಬೈಲು, ಮುಖದಲ್ಲಿ ಸಂಕೋಚ.

"ಮೇಡಂ, ತಪ್ಪ ತಿಳ್ಕೋಬ್ಯಾಡ್ರಿ. ಹೂವಿನ ಫೋಟೋ ಹೊಡ್ದು ಸ್ಟೇಟಸ್ ಹಾಕಿದ್ನಿ. ನಮ್ಮ ಅಂಗಡಿ ಮಾಲೀಕರು ನೋಡಿ, ತಗಿ ಅದನ್ನ ಮೊದ್ಲು ಅಂದ್ರು. ಇದು ಅಫೀಮಿನ ಗಿಡ ಅಂತ್ರೀ."

"ಏನು?"

"ನಾ ಅನ್ನಾಕತ್ತಿಲ್ರೀ, ಅವ್ರು ಅಂದ್ರು. ಲೈಸೆನ್ಸ್ ಇಲ್ದ ಬೆಳೀಬಾರದಂತ. ನೀವು... ಗೊತ್ತಿದ್ದು ಏನ್ ಹಾಕಿಲ್ಲಲ್ರೀ?"

ಆ ಕೊನೆಯ ಪ್ರಶ್ನೆ ಕೇಳುವಾಗ ಆತ ನನ್ನ ಕೈ ನೋಡುತ್ತಿದ್ದ. ನಾನು ಮೂವತ್ತೊಂದು ವರ್ಷ ಮಕ್ಕಳ ಕೈ ನೋಡಿದ ಹಾಗೆಯೇ. ಸಿಟ್ಟು ಬಂತು. ಗಂಟಲಲ್ಲಿ ಇದ್ದ ನಿಜ ಕೂಡ ಸುಳ್ಳಿನ ಹಾಗೆಯೇ ಹೊರಗೆ ಬಂತು. "ಇಲ್ಲಪ್ಪ, ಇದು ಓರಿಯೆಂಟಲ್ಲು, ಬೇರೆ," ಎಂದು ತೊದಲಿದೆ.

ಬಾಗಿಲು ಹಾಕಿ ಮೊಬೈಲಿನಲ್ಲಿ ಚಿತ್ರ ಹೋಲಿಸಿದೆ. ನುಣುಪು ಎಲೆ, ಬೂದಿ ಬಣ್ಣ, ಕಾಂಡವನ್ನು ತಬ್ಬಿದ ಎಲೆಬುಡ, ಬಿಳಿ ಹೂವು. ಅವನ ಮಾಲೀಕರು ಹೇಳಿದ್ದು ನಿಜ. ನಾವು ಅಡುಗೆಗೆ ಬಳಸುವ ಗಸಗಸೆಯ ಗಿಡವೇ ಅಫೀಮಿನ ಗಿಡ. ಬೀಜವನ್ನು ಡಬ್ಬದಲ್ಲಿಟ್ಟುಕೊಂಡು ಪಾಯಸ ಮಾಡಿದರೆ ಯಾರೂ ಕೇಳುವುದಿಲ್ಲ, ಗಿಡ ಬೆಳೆಸಿದರೆ ಅಪರಾಧ. ಹೊರಗೆ ಗೇಟಿನ ಸದ್ದಾಯಿತು; ಕೊರಿಯರಿನವನು. ಅವನನ್ನೂ ನಾನು ಕಿಟಕಿಯಿಂದಲೇ ಮಾತಾಡಿಸಿದೆ.

ಆ ಮಧ್ಯಾಹ್ನವೇ ಯಜಮಾನರೂ ನಾನೂ ಸೇರಿ ಮೂವತ್ತೆರಡನ್ನೂ ಬುಡಸಹಿತ ಕಿತ್ತೆವು. ಹಸಿ ಕಸದ ಬಕೆಟ್ಟಿಗೆ ಹಾಕಿದರೆ ಕಸದವರು ಕೇಳಿಯಾರು ಎಂದು ಹೆದರಿ, ಕಾಯಿ ಬಲಿಯುವ ಮೊದಲೇ ಎಲ್ಲವನ್ನೂ ಕತ್ತರಿಸಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಮುಳುಗಿಸಿಟ್ಟೆವು. ಯಜಮಾನರು ಆವತ್ತು ಒಂದೂ ಹಾಸ್ಯ ಮಾಡಲಿಲ್ಲ.

ಖಾಲಿ ಕುಂಡ ತೊಳೆಯುವಾಗ ಸಾಕ್ಷಿ ಸಿಕ್ಕಿತು. ಕುಂಡದ ಅಂಚಿನ ಒಳಬದಿಯ ಗೀರಿನಲ್ಲಿ ಮಣ್ಣಿನೊಂದಿಗೆ ಒಣಗಿ ಅಂಟಿಕೊಂಡಿದ್ದ ಏಳೆಂಟು ಬೀಜಗಳು. ಬಿಳಿ. ನಾನು ತರಿಸಿದ ಪ್ಯಾಕೆಟ್ಟಿನ ತಳದಲ್ಲಿ ಉಳಿದಿದ್ದವನ್ನು ಪಕ್ಕದಲ್ಲಿಟ್ಟೆ. ಕಂದು. ಬೀಜದವರು ಮೋಸ ಮಾಡಿರಲಿಲ್ಲ. ಈ ಬಿಳಿ ಯಾವುದೋ ಅಡುಗೆಮನೆಯ ಡಬ್ಬದಿಂದ ಬಂದದ್ದು. ನಮ್ಮ ಮನೆಯಲ್ಲಿ ಗಸಗಸೆ ದೀಪಾವಳಿ ಪಾಯಸಕ್ಕೇ ಮುಗಿದಿತ್ತು, ಮತ್ತೆ ತಂದಿರಲಿಲ್ಲ. ಆ ಹನ್ನೆರಡು ದಿನ ಕೀ ಯಾರ ಹತ್ತಿರ ಇತ್ತು?

ನಿಜ ಹೇಳುತ್ತೇನೆ. ಆಗ ನನಗೆ ದುಃಖವಾಗಲಿಲ್ಲ. ಗೆದ್ದ ಖುಷಿಯಾಯಿತು. ಸಿಕ್ಕಿಬಿದ್ದರಲ್ಲ ಎಂಬ ಹಳೆಯ ಚುರುಕು ಕಾಲಿಗೆ ಬಂತು. ಬೀಜಗಳನ್ನು ಒಂದು ಕಾಗದದ ಮೇಲೆ ಹಾಕಿಕೊಂಡು, ಕೈಯ ಮಣ್ಣನ್ನೂ ತೊಳೆಯದೆ ಪಕ್ಕದ ಮನೆಗೆ ನಡೆದೆ.

ಅಕ್ಕ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ನೆಲದ ಮೇಲೆ ಕೂತಿದ್ದರು. ನಾನು ಕಾಗದವನ್ನು ಅವರ ಮುಂದೆ ಇಟ್ಟೆ. "ಇದೇನು ಅಕ್ಕ?"

ಅವರು ನೋಡಿದರು. ಕೈಯಲ್ಲಿದ್ದ ಕಾಯಿ ಹಾಗೆಯೇ ನಿಂತಿತು. "ಗಸಗಸೆ."

"ನನ್ನ ಕುಂಡದಲ್ಲಿ ಸಿಕ್ತು."

ಅವರು ಮೇಲೆ ನೋಡದೆಯೇ ಹೇಳತೊಡಗಿದರು. "ನೀವು ಹೋದ ಮಾರನೇ ದಿನವೇ ಟೀಚರ್. ಆ ಬಾಟ್ಲು ಎಷ್ಟ್ ಒತ್ತಿದ್ರೂ ನೀರು ಬರ್ಲಿಲ್ಲ. ಬಿಸಿಲು ಸುಡ್ತಿತ್ತು, ಮಣ್ಣು ಒಣಗೋಗಿತ್ತು. ಪೈಪ್‌ನ ಸಣ್ಣಕ್ಕೆ ಬಿಟ್ಟೆ. ಕರೆಂಟ್ ಬಂತೋ ಏನೋ, ಮೋಟ್ರು ಜೋರಾಯ್ತು. ಕಣ್ಣು ಮಿಟುಕ್ಸೋದ್ರೊಳಗೆ ಎಲ್ಲಾ ಕೊಚ್ಕೊಂಡ್ ಮೋರಿಗೆ ಹೋಯ್ತು. ಬಗ್ಗಿ ಹುಡುಕ್ದೆ. ಒಂದೂ ಸಿಗ್ಲಿಲ್ಲ. ನೀವು ಹನ್ನೊಂದು ಅಂತ ಬರ್ಕೊಂಡಿದ್ರಿ." ಸೆರಗಿನಿಂದ ಮೂಗು ಒರೆಸಿಕೊಂಡರು. "ಗಸಗಸೆ ಜಾತಿ ಅಂದಿದ್ರಲ್ಲ. ಡಬ್ಬದಿಂದ ಒಂದು ಚಿಟಿಕೆ ತಂದು ಹಾಕ್ದೆ. ಏನೋ ಒಂದು ಹಸಿರು ಇರ್ಲಿ, ನೀವು ಬರೋ ಹೊತ್ತಿಗೆ ಅಂತ."

"ಅಲ್ಲಾ ಅಕ್ಕ, ಒಂದು ಫೋನ್ ಮಾಡಿ ಹೇಳ್ಬಹುದಿತ್ತಲ್ಲ?"

ಆಗ ತಲೆಯೆತ್ತಿದರು.

"ನಿಮ್ಗೆ ಹೇಳೋದಾ?" ಎಂದರು.

ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಅದು ಹೇಗೆ ಸಾಧ್ಯ ಎಂದು ನಿಜವಾಗಿಯೂ ನನ್ನನ್ನೇ ಕೇಳುತ್ತಿದ್ದರು. ಮತ್ತೆ ಆ ಮುಖ! ನಾನು ಅದನ್ನು ಎಲ್ಲಿ ನೋಡಿದ್ದೆ ಎಂದು ಗೊತ್ತಾಯಿತು. ಒಂದು ವರ್ಷ ಪರೀಕ್ಷೆಯಲ್ಲಿ ಮೂರನೇ ಸಾಲಿನ ಹುಡುಗಿಯೊಬ್ಬಳ ಮೇಲೆ ಅನುಮಾನ ಬಂದು ಅವಳ ಬೆಂಚಿನ ಪಕ್ಕ ಹತ್ತು ನಿಮಿಷ ನಿಂತಿದ್ದೆ. ಆ ಹತ್ತು ನಿಮಿಷ ಅವಳು ಒಂದಕ್ಷರ ಬರೆಯಲಿಲ್ಲ. ಪೆನ್ನು ಹಿಡಿದು ನನ್ನ ಮುಖ ನೋಡುತ್ತಾ ಕೂತಳು. ಹುಡುಕಿಸಿದೆ, ಚೀಟಿ ಸಿಗಲಿಲ್ಲ. ಸಿಗದಿದ್ದರೂ ನನ್ನಿಂದ ತಪ್ಪಾಯಿತು ಅನ್ನಿಸಲಿಲ್ಲ. ಇವಳು ಜಾಣೆ, ಎಲ್ಲೋ ಎಸೆದಿದ್ದಾಳೆ ಅಂದುಕೊಂಡು ಮುಂದೆ ಹೋಗಿದ್ದೆ. ಅದೇ ಮುಖ ಈಗ ಅರವತ್ತು ದಾಟಿ ಅವರೆಕಾಯಿಯ ಸಿಪ್ಪೆಯ ನಡುವೆ ಕೂತಿತ್ತು.

"ಅಯ್ಯೋ, ಹೋಗ್ಲಿ ಬಿಡಿ ಅಕ್ಕ. ಹನ್ನೊಂದು ಸಸಿ, ಅದೇನ್ ಮಹಾ," ಎಂದು ನಕ್ಕೆ. ಅವರು ನಗಲಿಲ್ಲ.

"ನೀವು ಕಪ್ಪು ದಾರ ಕಟ್ಟಿದ್ರಿ," ಎಂದರು. "ನಾನು ನೋಡ್ದೆ."

ಅವರು ಮೊಣಕಾಲಿಗೆ ಕೈ ಊರಿ ಎದ್ದರು, ಕ್ಯಾಲೆಂಡರಿನ ಪಕ್ಕದ ಮೊಳೆಯಿಂದ ನಮ್ಮ ಮನೆಯ ಕೀ ತೆಗೆದು ಕಾಗದದ ಮೇಲೆ, ಬೀಜಗಳ ಪಕ್ಕ ಇಟ್ಟರು.

"ಇದು ನಂಗೆ ಬೇಡ ಟೀಚರ್. ದಿನಾ ನೋಡಿದ್ರೆ ಎದೆ ಹೊಡ್ಕೊಳ್ಳುತ್ತೆ. ಬೇರೆ ಯಾರಿಗಾದ್ರೂ ಕೊಟ್ಕೊಳ್ಳಿ."

ಬೇರೆ ಯಾರಿಗೆ? ಆ ರಸ್ತೆಯಲ್ಲಿ, ಆ ಊರಲ್ಲಿ, ನಾನು ಕೀ ಕೊಡಬಲ್ಲ ಇನ್ನೊಂದು ಮನೆ ಇರಲಿಲ್ಲ. ಕೀ ಹಿಡಿದುಕೊಂಡು ಬಂದು ನಮ್ಮ ಮೆಟ್ಟಿಲ ಮೇಲೆ ಕೂತು ಅತ್ತೆ. ಬಾಗಿಲಲ್ಲಿ ನಿಂತಿದ್ದ ಯಜಮಾನರು, "ಅವರು ನಿಂಗೆ ಹೆದರ್ತಾರೆ ಅಂತ ನಿಂಗೆ ಈಗ ಗೊತ್ತಾಯ್ತಾ?" ಎಂದರು. ನಿಮಗೂ ಭಯವಾ ಎಂದು ಕೇಳಬೇಕೆನಿಸಿತು. ಉತ್ತರದ ಮೇಲೆ ಅನುಮಾನವಿದ್ದದ್ದರಿಂದ ಕೇಳಲಿಲ್ಲ.

ಬಾಡಿಗೆದಾರನ ಹತ್ತಿರ ಹೋಗಿ ಕ್ಷಮೆ ಕೇಳುವುದು ಸುಲಭವಾಯಿತು. "ಇರ್ಲಿ ಬಿಡ್ರಿ ಮೇಡಂ," ಎಂದು ಅಲ್ಲಿಗೇ ಮುಗಿಸಿದ. ಅಕ್ಕನ ಜೊತೆಗೆ ಹಾಗಾಗಲಿಲ್ಲ. ಜಗಳವಿರಲಿಲ್ಲ, ಮಾತೂ ನಿಂತಿರಲಿಲ್ಲ. ಯುಗಾದಿಗೆ ಒಬ್ಬಟ್ಟು ಬಂತು, ನಾನು ಚಿತ್ರಾನ್ನ ಕಳಿಸಿದೆ. ಆದರೆ ಪಾತ್ರೆ ವಾಪಸ್ ಕೊಡುವಾಗ ಅವರು ಅದನ್ನು ಮೂರು ಮೂರು ಸಲ ಒರೆಸಿ ಕೊಡುತ್ತಿದ್ದರು. ಒಂದು ದಿನ ಅವರ ಕೈಯಿಂದ ನನ್ನ ಸ್ಟೀಲಿನ ಡಬ್ಬಿ ಜಾರಿ ಬಿತ್ತು. ಸೊಟ್ಟಗಾಗಿದೆಯೇ ಎಂದು ಡಬ್ಬಿ ನೋಡುವ ಬದಲು ನನ್ನನ್ನು ನೋಡಿದರು. ಈಗ ಪರೀಕ್ಷೆ ಮಾಡುವ ಕಣ್ಣು ಅವರದು. ನಾನು ಹೇಳಿದ ಪ್ರತಿ "ಪರವಾಗಿಲ್ಲ"ವನ್ನೂ ಅವರು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನಾನು ಅನುಮಾನಪಟ್ಟಾಗ ಎದುರಿನವರಿಗೆ ಹೇಗಾಗುತ್ತಿತ್ತು ಎಂದು ನನಗೆ ಆಗ ತಿಳಿಯಿತು. ತಡವಾಗಿ ತಿಳಿಯಿತು.

ಈ ವರ್ಷ ಓರಿಯೆಂಟಲ್ ಪಾಪಿಯದೇ ಹೊಸ ಪ್ಯಾಕೆಟ್ಟು ತರಿಸಿ ಫ್ರಿಜ್ಜಿನಲ್ಲಿಟ್ಟು, ದಸರಾ ಕಳೆದ ಮೇಲೆ ಅದೇ ಕುಂಡ ತುಂಬಿ, ಗೋಡೆಯ ಹತ್ತಿರ ಎಳೆದು ತಂದು ಅಕ್ಕನನ್ನು ಕರೆದೆ. ಮರಳಲ್ಲಿ ಬೆರೆಸಿದ ಬೀಜವನ್ನು ಅವರ ಅಂಗೈಗೆ ಸುರಿದೆ.

"ನೀವೇ ಹಾಕಿ."

"ಬೇಡ ಟೀಚರ್. ನನ್ ಕೈಗುಣ ನಿಮ್ಗೆ ಗೊತ್ತಲ್ಲ."

"ಹಾಕಿ ಅಕ್ಕ."

"ಬರ್ದಿದ್ರೆ?"

"ಬರ್ದಿದ್ರೆ ಬರಲ್ಲ."

ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಂಬಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ನಾನು ಎಷ್ಟು ಬೀಜ, ಎಲ್ಲಿ ಬಿತ್ತು ಎಂದು ನೋಡಬಾರದೆಂದು ನೀರಿನ ಟ್ಯಾಂಕಿನ ಕಡೆ ತಿರುಗಿ ನಿಂತೆ. ಹಿಂದಿನಿಂದ ಅವರ ಬಳೆಯ ಸದ್ದು ಕೇಳಿಸಿತು. ಹಾಗೆ ಬೆನ್ನು ತಿರುಗಿಸಿ ನಿಲ್ಲುವುದು ಎಷ್ಟು ಕಷ್ಟ ಎಂದು ಬೇರೆಯವರಿಗೆ ಹೇಳಿದರೆ ನಕ್ಕಾರು.

ಇವತ್ತಿಗೆ ಹದಿನೆಂಟು ದಿನ. ಒಂದೂ ಮೊಳೆತಿಲ್ಲ. ಮೊಳೆಯುವ ಹಾಗೂ ಕಾಣುತ್ತಿಲ್ಲ. ನೋಟ್‌ಬುಕ್ಕಿನಲ್ಲಿ ನಾನು ಏನನ್ನೂ ಬರೆದುಕೊಂಡಿಲ್ಲ. ಕೀ ಇನ್ನೂ ನಮ್ಮ ಮನೆಯಲ್ಲೇ ಇದೆ. ತೆಗೆದುಕೊಳ್ಳಿ ಎಂದು ಕೇಳುವ ಧೈರ್ಯ ಬಂದಿಲ್ಲ. ಆದರೆ ಅಕ್ಕ ದಿನಾ ಬೆಳಿಗ್ಗೆ ಗೋಡೆಯ ಹತ್ತಿರ ಬರುತ್ತಾರೆ. ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕುಂಡ ನೋಡುತ್ತಾರೆ.